ಇಲ್ಲ ಎಂದ ನಾಯಿ

ನಮ್ಮ ದೇಶದ ದಕ್ಷಿಣ ತುದಿಯ ಬ್ಲಫ್ ಬಂದರಿನಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ ಅವರು ನರ್ಸಮ್ಮನ ಹತ್ತಿರ ಪಟ್ಟಿ ಕಟ್ಟಿಸಿಕೊಂಡು ನೇರವಾಗಿ ಮೆರೆಯಾನಾ ಆಂಟಿಯ ಹಿತ್ತಿಲಿಗೆ ಬರುತ್ತಿದ್ದರು. ಮದ್ದಿಗಲ್ಲ, ದೂರು ಹೇಳಲಿಕ್ಕೆ. ಆಂಟಿ ಆ ಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

“ಕಚ್ಚೋಕೆ ಮೊದಲು ಅದು ನಿಂಗೇನು ಹೇಳ್ತು?” ಎನ್ನುತ್ತಿದ್ದಳು.

“ಏನೂ ಹೇಳ್ಲಿಲ್ಲ ಆಂಟಿ. ಸುಮ್ನೆ ಕೂತಿತ್ತು. ಎತ್ಕೊಂಡೆ, ಕಚ್ಚೇಬಿಡ್ತು.”

“ಸುಮ್ನೆ ಅಂದ್ರೆ ಹೇಗೆ ಸುಮ್ನೆ? ಬಾಲ ಎಲ್ಲಿತ್ತು? ಕಿವಿ ಎಲ್ಲಿತ್ತು? ಮುಖ ಆ ಕಡೆ ತಿರುಗಿಸ್ಕೊಳ್ತಾ ಇತ್ತಾ? ತುಟಿ ನೆಕ್ಕೊಳ್ತಾ ಇತ್ತಾ?”

ಬಂದವನು ತಲೆ ಕೆರೆದುಕೊಂಡು, ಹೌದು, ಮುಖ ತಿರುಗಿಸಿದ ಹಾಗಿತ್ತು, ಒಂದು ಚೂರು ಗುರ್ ಅಂದ ಹಾಗೂ ಇತ್ತು ಎಂದು ಒಪ್ಪಿಕೊಳ್ಳುತ್ತಿದ್ದ.

“ನೋಡು, ಬೇಡ ಬೇಡ ಅಂತ ಎಷ್ಟು ಸಲ ಹೇಳಿದೆ ಪಾಪ! ನೀನು ಕೆಪ್ಪಾದ್ರೆ ಅದು ನಾಯಿ ತಪ್ಪಾ ಮಾರಾಯ?”

ಮೆರೆಯಾನಾ ಆಂಟಿ ನನ್ನ ಅಪ್ಪನ ಅಕ್ಕ. ಚಳಿಗಾಲವೆಲ್ಲ ಸಿಂಪಿ ಶೆಡ್ಡಿನಲ್ಲಿ ನಿಂತು ಚಾಕುವಿನಿಂದ ಚಿಪ್ಪು ಬಿಡಿಸುವುದು ಅವಳ ಕೆಲಸ. ಅವಳ ಎಡಗೈ ಹೆಬ್ಬೆರಳು ಚಾಕುವಿನ ಗೀರುಗಳಿಂದ ಮರದ ತೊಗಟೆಯಂತಾಗಿತ್ತು. ಗಂಡ ಸರಕು ರೈಲಿನ ಚಾಲಕನಾಗಿದ್ದ, ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಮನೆ ತುಂಬ ಇದ್ದದ್ದು ನಾಯಿಗಳು, ಅದೂ ಎಲ್ಲ ಕುಳ್ಳ ನಾಯಿಗಳು. ಜನ ಸಾಕಲಾಗದೆ ತಂದು ಬಿಟ್ಟು ಹೋದಂಥವು. “ನಮ್ಮ ಮೆರೆ ಹುಚ್ಚು ನಾಯಿಗಳ ಛತ್ರ ಇಟ್ಟಿದ್ದಾಳೆ” ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದ. ಅಪ್ಪನ ಹೆಸರು ಟಿವಾಯಿ. ದೋಣಿಯ ಒಡೆಯ, ಬಾಯಿ ಸ್ವಲ್ಪ ದೊಡ್ಡದು.

ಸಣ್ಣ ನಾಯಿಗಳ ಬಗ್ಗೆ ಆಂಟಿಗೆ ತನ್ನದೇ ಒಂದು ಲೆಕ್ಕಾಚಾರವಿತ್ತು. ದೊಡ್ಡ ನಾಯಿ ಗುರ್ ಎಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸಣ್ಣದು ಗುರ್ ಎಂದರೆ ನಗುತ್ತಾರೆ, ಎತ್ತಿಕೊಂಡು ಮುದ್ದು ಮಾಡುತ್ತಾರೆ. ಹೀಗೆ ಹತ್ತು ಸಲವಾದ ಮೇಲೆ ಗುರುಗುಟ್ಟಿ ಪ್ರಯೋಜನವಿಲ್ಲ ಎಂದು ಅದಕ್ಕೆ ಗೊತ್ತಾಗುತ್ತದೆ, ನೇರವಾಗಿ ಹಲ್ಲಿಗೇ ಬರುತ್ತದೆ. ಆಗ ಜನ ಅದಕ್ಕೆ ಕೆಟ್ಟ ಜಾತಿ ಎಂದು ಹೆಸರಿಡುತ್ತಾರೆ.

ನಮ್ಮೂರ ಹೋಟೆಲಿನ ಯಜಮಾನಿಗೆ ಡಚೆಸ್ ಎಂಬ ಅಂಗೈಯಗಲದ ನಾಯಿ ಇತ್ತು. ಅದು ದಿನವಿಡೀ ಅವಳ ಕೈಚೀಲದಲ್ಲೇ ಕೂತು, ಬಂದ ಗಿರಾಕಿಗಳ ಮೇಲೆಲ್ಲ ಹರಿಹಾಯುತ್ತಿತ್ತು. ಆಂಟಿ ಒಂದು ದಿನ ಹೋಗಿ, “ಇದನ್ನ ನೆಲಕ್ಕೆ ಬಿಡಮ್ಮ, ಇದಕ್ಕೂ ನಾಕು ಕಾಲಿದೆ” ಎಂದಳು. “ಯಾರಾದ್ರೂ ತುಳಿದ್ರೆ?” ಎಂದು ಯಜಮಾನಿ ಹೌಹಾರಿದಳು. “ಮೇಲಿಂದ ಬರೋ ಕೈಗೆಲ್ಲ ಅಲ್ಲಾಡದೆ ಸಿಕ್ಕಿಕೊಂಡು ಕೂತಿರೋದಕ್ಕಿಂತ, ಓಡಿಹೋಗೋಕೆ ದಾರಿ ಇರೋದು ವಾಸಿ,” ಎಂದಳು ಆಂಟಿ. ನೆಲಕ್ಕೆ ಬಿಟ್ಟ ಡಚೆಸ್ ಒಂದು ವಾರ ಮೇಜಿನ ಕೆಳಗೇ ಇತ್ತು. ಆಮೇಲೆ ಹೊರಗೆ ಬಂದು ಗಿರಾಕಿಗಳ ಬೂಟು ಮೂಸತೊಡಗಿತು. ಕಚ್ಚುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಎತ್ತಿಕೊಂಡವರನ್ನು ಬಿಟ್ಟು ಬೇರೆ ಯಾರನ್ನೂ ಕಚ್ಚಲಿಲ್ಲ.

ಆಂಟಿಯ ಬದುಕು ತಿರುಗಿದ್ದು ಲಾಕ್ಲನ್ ಎಂಬುವನು ಬ್ಲಫ್‌ಗೆ ಬಂದ ಮೇಲೆ. ಅವನು ಸರ್ಕಾರದ ಕಡೆಯಿಂದ, ಇಲಿ ಹುಡುಕುವ ನಾಯಿಗಳನ್ನು ಪರೀಕ್ಷೆ ಮಾಡಿ ಪಾಸು ಮಾಡುವವನು. ನಮ್ಮ ದಕ್ಷಿಣದ ದ್ವೀಪಗಳಲ್ಲಿ ಹಕ್ಕಿಗಳು ನೆಲದಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಅಲ್ಲಿಗೆ ಬಸುರಿ ಇಲಿ ಒಂದೇ ಒಂದು ಹೋದರೂ ಸಾಕು, ಕೆಲವೇ ವರ್ಷದಲ್ಲಿ ಮೊಟ್ಟೆ ಉಳಿಯುವುದಿಲ್ಲ, ಮರಿ ಉಳಿಯುವುದಿಲ್ಲ. ಆ ಕೆಲಸಕ್ಕೆ ದೊಡ್ಡ ನಾಯಿ ಆಗದು. ಕಾಲಿಟ್ಟಲ್ಲಿ ಬಿಲದ ಮಾಡು ಕುಸಿಯುತ್ತದೆ. ಟೆರಿಯರ್ ಜಾತಿಯ ಪುಟ್ಟ ನಾಯಿಗಳೇ ಬೇಕು. ಊರಲ್ಲಿ ವಿಚಾರಿಸಿದಾಗ ಎಲ್ಲರೂ ಅವನಿಗೆ ಆಂಟಿಯ ಮನೆಯನ್ನೇ ತೋರಿಸಿದರು.

ಆಂಟಿ ಹೆಮ್ಮೆಯಿಂದ ಮೊದಲು ತೋರಿಸಿದ್ದು ಮಿಂಟಿಯನ್ನು. ರೇಷ್ಮೆಯಂಥ ಕೂದಲು, ಹೇಳಿದ ಮಾತು ಕೇಳುವ ಗುಣ. ಇಲಿಯ ವಾಸನೆ ಸಿಕ್ಕರೆ ಅಲ್ಲೇ ಕೂತುಬಿಡುವುದನ್ನು ಒಂದೇ ತಿಂಗಳಲ್ಲಿ ಕಲಿಯಿತು. ಪರೀಕ್ಷೆಯ ದಿನ ಲಾಕ್ಲನ್ ಒಂದಷ್ಟು ಡಬ್ಬಗಳನ್ನು ಸಾಲಾಗಿ ಇಟ್ಟು, “ಮೂರನೇದರಲ್ಲಿ ವಾಸನೆ ಇಟ್ಟಿದೀನಿ ಆಂಟಿ” ಎಂದ. ಮಿಂಟಿ ಮೂಸುತ್ತಾ ಹೋಗಿ ಮೂರನೆಯದರ ಮುಂದೆ ಠೀವಿಯಿಂದ ಕೂತಿತು. ಆಂಟಿ ಚಪ್ಪಾಳೆ ತಟ್ಟಿದಳು. ಲಾಕ್ಲನ್ ಮುಚ್ಚಳ ತೆಗೆದ. ಡಬ್ಬ ಖಾಲಿ. ಉಳಿದವೂ ಖಾಲಿ.

“ಬೇಜಾರು ಮಾಡ್ಕೋಬೇಡಿ,” ಎಂದ. “ಇದು ಇಲಿ ಹುಡುಕ್ತಾ ಇಲ್ಲ. ನಿಮ್ಮ ಮುಖ ಹುಡುಕ್ತಾ ಇದೆ.”

ಮೂರನೆಯ ಡಬ್ಬದ ಹತ್ತಿರ ಬಂದಾಗ ಆಂಟಿ ಗೊತ್ತಿಲ್ಲದೆ ಉಸಿರು ಬಿಗಿಹಿಡಿದಿದ್ದಳು. ಮಿಂಟಿಗೆ ಅಷ್ಟೇ ಸಾಕಾಗಿತ್ತು. ಆವತ್ತು ಮನೆಗೆ ಬರುವ ದಾರಿಯಲ್ಲಿ ಆಂಟಿ ನನ್ನ ಕಡೆ ತಿರುಗಿ, “ಎಂಥಾ ನಾಯಿ ಕಣೇ ಹೂಯಾ ಇದು! ಮನುಷ್ಯರ ಮನಸ್ಸು ಓದತ್ತೆ. ಇದನ್ನ ಇಲಿ ಹಿಂದೆ ಕಳಿಸೋದಾ ನಾನು?” ಎಂದಳು. ಮರುದಿನವೇ ಮಿಂಟಿಯನ್ನು ನಮ್ಮ ತಾವುವಾಳ, ಅಂದರೆ ಅಜ್ಜಿಯ, ಮಡಿಲಿಗೆ ಹಾಕಿದಳು. ಕಣ್ಣು ಮಂಜಾಗಿ, ಮಾತು ಕಡಿಮೆ ಮಾಡಿ ಕೂತಿದ್ದ ತಾವುವಾಗೆ ಮನಸ್ಸು ಓದುವವರೇ ಬೇಕಾಗಿತ್ತು.

ಆಮೇಲೆ ಬಂದವಳು ಕೀನಾ.

ಇನ್ವರ್‌ಕಾರ್ಗಿಲ್‌ ಪಟ್ಟಣದ ಗಂಡ ಹೆಂಡತಿ ಅವಳನ್ನು ಸೇಬಿನ ಪೆಟ್ಟಿಗೆಯಲ್ಲಿ ತಂದರು. ಬಿಳಿ ಮೈ, ಒಂದು ಕಿವಿ ಕಂದು, ತಂತಿಯಂಥ ಕೂದಲು. ಆ ಮನೆ ಅವಳಿಗೆ ಮೊದಲನೆಯದಲ್ಲ, ಎರಡನೆಯದೂ ಅಲ್ಲ. ಹೂದೋಟವನ್ನೆಲ್ಲ ಅಗೆದು ಹಾಕಿದ್ದಳು, ಕರೆದರೆ ಬರುತ್ತಿರಲಿಲ್ಲ, ಎತ್ತಿಕೊಳ್ಳಲು ಹೋದ ಗಂಡನ ಅಪ್ಪನ ಮೂಗನ್ನು ಕಚ್ಚಿ ಹಿಡಿದಿದ್ದಳು.

“ಸಿಕ್ಕಾಪಟ್ಟೆ ಹಟಮಾರಿ,” ಎಂದಳು ಆ ಹೆಂಗಸು. “ನಮ್ಮನ್ನ ಕಂಡ್ರೆ ಪ್ರೀತೀನೇ ಇಲ್ಲ ಇದಕ್ಕೆ.”

“ಪ್ರೀತಿ ಇರಬಹುದು,” ಎಂದಳು ಆಂಟಿ. “ನಿಮ್ಮ ಅಪ್ಪಣೆ ಬೇಕಾಗಿಲ್ಲ, ಅಷ್ಟೇ.”

ಅವರು ಹೋದ ಮೇಲೆ ಆಂಟಿ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು ಮೀನಿನ ಬಲೆ ಹೊಲಿಯತೊಡಗಿದಳು. ಕರೆಯಲಿಲ್ಲ, ತಿಂಡಿ ತೋರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಯಿ ಹೊರಗೆ ಬಂತು. ಇಡೀ ಅಡುಗೆಮನೆ ಮೂಸಿತು. ಕೊನೆಗೆ ಆಂಟಿಯ ಬೆನ್ನಿಗೆ ತನ್ನ ಬೆನ್ನು ತಾಗಿಸಿ ಮಲಗಿತು. ನಾನು ಬಾಗಿಲಲ್ಲಿ ನಿಂತಿದ್ದೆ.

“ಮುಟ್ಟಬೇಡ,” ಎಂದಳು ಆಂಟಿ ಮೆಲ್ಲಗೆ. “ಅವಳಾಗೇ ಬಂದಿದಾಳೆ. ಮರ್ಯಾದೆ ಕೊಡೋಣ.”

ಮೈತುಂಬ ಮುಳ್ಳಿರುವ, ಒಡೆದರೆ ಒಳಗೆ ಸಿಹಿಯಿರುವ ಒಂದು ಜೀವಿ ನಮ್ಮ ಕಡಲಲ್ಲಿದೆ, ಕೀನಾ ಅಂತ. ಅದೇ ಹೆಸರಿಟ್ಟಳು.

ಟೆರಿಯರ್ ಎಂದರೆ ಕತ್ತಲ ಬಿಲದೊಳಗೆ ಒಬ್ಬಂಟಿಯಾಗಿ ನುಗ್ಗಲೆಂದು ತಲೆತಲಾಂತರದಿಂದ ಆರಿಸಿ ಬೆಳೆಸಿದ ಜಾತಿ ಎಂದು ಆಂಟಿ ಹೇಳುತ್ತಿದ್ದಳು. ಒಳಗೆ ಹೋದ ಮೇಲೆ ಯಜಮಾನನ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಮುಂದೆ ಹೋಗಬೇಕೋ, ಹಿಂದೆ ಬರಬೇಕೋ, ಅಲ್ಲೇ ನಿಲ್ಲಬೇಕೋ ಎಲ್ಲವನ್ನೂ ತಾನೇ ತೀರ್ಮಾನಿಸಬೇಕು. “ಅಂಥದ್ದನ್ನ ತಂದು ಸೋಫಾ ಮೇಲೆ ಕೂರಿಸಿ, ನಾನು ಹೇಳಿದ್ದೇ ಕೇಳು ಅಂದ್ರೆ ಹೇಗೆ? ಹಟ ಅಲ್ಲ ಕಣೇ ಅದು. ಅವಳ ಕುಲಕಸುಬು.”

ಹಾಗೆಂದು ದಾರಿ ಸಲೀಸಾಗಿರಲಿಲ್ಲ. ಹಕ್ಕಿ ದ್ವೀಪಕ್ಕೆ ಹೋಗುವ ನಾಯಿ ಇಲಿಯನ್ನು ಬಿಡಬಾರದು, ಹಕ್ಕಿಯನ್ನು ಮುಟ್ಟಬಾರದು. ಮೊದಲ ಪರೀಕ್ಷೆಯಲ್ಲಿ ಕೋಳಿಯಂಥ ವೇಕಾ ಹಕ್ಕಿಯೊಂದು ಮುಂದೆ ಹಾದುಹೋಯಿತು. ಕೀನಾ ಬಾಣದಂತೆ ಹೊರಟಳು. ಬಾಯಿಗೆ ಕುಕ್ಕೆ ಕಟ್ಟಿದ್ದರಿಂದ ಹಕ್ಕಿ ಉಳಿಯಿತು. ಲಾಕ್ಲನ್ ಫೇಲು ಮಾಡಿದ. ಅಪ್ಪನಿಗೆ ಹಬ್ಬವಾಯಿತು.

“ಏನ್ ಮೆರೆ, ನಿನ್ನ ಪೊಲೀಸಮ್ಮ ಕಳ್ಳನ್ನ ಬಿಟ್ಟು ಪಾದ್ರೀನ ಹಿಡಿದಳಂತೆ?”

“ನಗು, ನಗು. ನೀನು ದೋಣಿ ಪರೀಕ್ಷೆ ಎಷ್ಟು ಸಲಕ್ಕೆ ಪಾಸಾದೆ ಅಂತ ನಾನು ಇವರಿಗೆಲ್ಲ ಹೇಳ್ಲಾ?”

ಆಂಟಿ ಕೀನಾಳನ್ನು ಹೊಡೆದು ಬಡಿದು ತಿದ್ದಲಿಲ್ಲ. ಹೊಡೆದರೆ ಟೆರಿಯರ್ ಎರಡು ಪಟ್ಟು ಹುರುಪಾಗುತ್ತದೆ, ಇಲ್ಲವೇ ನಿಮ್ಮನ್ನೇ ಲೆಕ್ಕದಿಂದ ತೆಗೆದುಹಾಕುತ್ತದೆ. ಅವಳು ಕೋಳಿಗೂಡಿನ ಪಕ್ಕದಲ್ಲಿ ದಿನಾ ಬೆಳಗ್ಗೆ ನಾಯಿಯೊಂದಿಗೆ ಕೂರುತ್ತಿದ್ದಳು. ಹಕ್ಕಿಯ ಕಡೆ ನೋಡಿದರೆ ಆಟ ಬಂದ್. ನೋಟ ಹಿಂದಕ್ಕೆ ತಂದುಕೊಂಡರೆ ಇಲಿವಾಸನೆಯ ಬಟ್ಟೆ ಹುಡುಕುವ ಆಟ. ಮಳೆಯಿರಲಿ, ದಕ್ಷಿಣದ ಗಾಳಿಯಿರಲಿ, ಕೂರುವುದು ತಪ್ಪಲಿಲ್ಲ. ಮುಂದಿನ ವರ್ಷದ ಪರೀಕ್ಷೆಯಲ್ಲಿ ವೇಕಾ ಬಂದು ಬಾಲ ಕುಣಿಸಿತು. ಕೀನಾ ಅದನ್ನು ಒಂದು ಕಲ್ಲನ್ನು ನೋಡಿದಂತೆ ನೋಡಿ ತನ್ನ ಕೆಲಸಕ್ಕೆ ಹೋದಳು. ಖಾಲಿ ಡಬ್ಬಗಳ ಸಾಲನ್ನೂ ಇಟ್ಟರು. ಆಂಟಿ ಮೂರನೆಯದರ ಮುಂದೆ ಬೇಕೆಂದೇ ನಿಂತು, ಉಸಿರು ಹಿಡಿದು, ಕಣ್ಣರಳಿಸಿದಳು. ಕೀನಾ ಅವಳ ಮುಖ ನೋಡಲೂ ಇಲ್ಲ. ಸಾಲು ಮುಗಿಸಿ ಬಂದು, ಏನೂ ಇಲ್ಲ ಎಂಬಂತೆ ಮೈ ಕೊಡವಿದಳು.

“ಇದು ನಾಯಿ!” ಎಂದು ಲಾಕ್ಲನ್ ಟೊಪ್ಪಿಗೆ ತೆಗೆದ.

ಆ ವರ್ಷವೇ ಮಾರ್ಚ್‌ನಲ್ಲಿ ಅಪ್ಪ ನಮ್ಮ ದ್ವೀಪಕ್ಕೆ ಗುಡಿಸಲಿನ ಮಾಡು ರಿಪೇರಿಗೆ ಹೋದವನು ಮುಖ ಕಪ್ಪಿಟ್ಟುಕೊಂಡು ವಾಪಸು ಬಂದ. ಕಾಗದದಲ್ಲಿ ಸುತ್ತಿ ತಂದದ್ದು ಒಂದು ಮೇಣದಬತ್ತಿ. ಅದರ ಒಂದು ಬದಿಯನ್ನು ಯಾವುದೋ ಪ್ರಾಣಿ ಕಡಿದಿತ್ತು.

ಆ ದ್ವೀಪ ನಮ್ಮ ಹಿರಿಯರಿಂದ ಬಂದದ್ದು. ಪ್ರತಿ ಏಪ್ರಿಲ್ ಮತ್ತು ಮೇ ತಿಂಗಳು ಕುಟುಂಬಗಳೆಲ್ಲ ಅಲ್ಲಿಗೆ ಹೋಗಿ, ಟೀಟೀ ಹಕ್ಕಿಯ ಕೊಬ್ಬಿದ ಮರಿಗಳನ್ನು ಬಿಲದಿಂದ ಹಿಡಿದು, ಉಪ್ಪು ಹಾಕಿ ಬಕೆಟ್ಟು ತುಂಬಿ ತರುತ್ತೇವೆ. ಮದುವೆಯಾಗಲಿ ಸಾವಾಗಲಿ, ಆ ಹಕ್ಕಿಯಿಲ್ಲದೆ ನಮ್ಮ ಊಟದ ಮೇಜು ಪೂರ್ತಿಯಾಗುವುದಿಲ್ಲ. ಕುಟುಂಬಗಳೆಲ್ಲ ಸೇರಿದ ಸಭಾಭವನದಲ್ಲಿ ಮೇಣದಬತ್ತಿ ಕೈಯಿಂದ ಕೈಗೆ ಹೋಯಿತು. ಇಲಿ ಎಂದವರೇ ಹೆಚ್ಚು. ವಿಷ ಹಾಕಿಸೋಣ, ಈ ವರ್ಷ, ಬೇಕಾದರೆ ಮುಂದಿನ ವರ್ಷವೂ ಯಾರೂ ಹೋಗುವುದು ಬೇಡ ಎಂದರು.

“ಮೊದಲು ಕೀನಾ ನೋಡ್ಲಿ,” ಎಂದಳು ಆಂಟಿ.

ಗದ್ದಲವೆದ್ದಿತು. ನಮ್ಮ ದ್ವೀಪಕ್ಕೆ ನಾಯಿ ಒಯ್ಯುವುದೆಂದರೆ ದೇವರಮನೆಗೆ ಚಪ್ಪಲಿ ಹಾಕಿಕೊಂಡು ಹೋದಂತೆ. ಎಲ್ಲರೂ ತಾವುವಾಳ ಕಡೆ ನೋಡಿದರು. ಅವಳ ಮಡಿಲಲ್ಲಿ ಮಿಂಟಿ ನಿದ್ದೆ ಹೋಗಿತ್ತು.

“ಮೆರೆಯಾನಾ,” ಎಂದಳು ತಾವುವಾ, “ಆ ನಾಯಿ ಒಂದು ಹಕ್ಕಿ ಮುಟ್ಟಿದ್ರೆ?”

“ನಾನೇ ಇನ್ಮೇಲೆ ದ್ವೀಪಕ್ಕೆ ಕಾಲಿಡೋದಿಲ್ಲ, ಅಮ್ಮ.”

ಅಪ್ಪ ತಟ್ಟನೆ ತಲೆಯೆತ್ತಿ ನೋಡಿದ. ಅದು ಸಣ್ಣ ಮಾತಲ್ಲ. ತಾವುವಾ ಮಿಂಟಿಯ ತಲೆ ಸವರಿ, “ಹೋಗ್ಬನ್ನಿ” ಎಂದಳು.

ಅಪ್ಪನ ದೋಣಿಯಲ್ಲಿ ಆಂಟಿ, ಲಾಕ್ಲನ್, ಅಡುಗೆಗೆಂದು ನಾನು, ಮತ್ತು ಕೀನಾ ಹೊರಟೆವು. ಬಿಲದ ಕತ್ತಲಿಗೆ ಹೆದರದವಳು ಕಡಲ ಅಲೆಗೆ ಸೋತು ಅಪ್ಪನ ಬೂಟಿನ ಮೇಲೇ ವಾಂತಿ ಮಾಡಿಕೊಂಡಳು. ಬಂಡೆಗೆ ಅಲೆ ಅಪ್ಪಳಿಸಿ ಹಿಂದೆ ಸರಿದ ಕ್ಷಣದಲ್ಲಿ ಆಂಟಿ, ಬೆನ್ನಚೀಲದಲ್ಲಿ ನಾಯಿಯ ತಲೆ ಇಣುಕುತ್ತಿದ್ದಂತೆ, ದಡಕ್ಕೆ ಹಾರಿದಳು. ಅರುವತ್ತರ ಹತ್ತಿರದ ಹೆಂಗಸು. ನೋಡುತ್ತಿದ್ದ ನನಗೆ ಎದೆ ಉಬ್ಬಿತು.

ಬೆಳಗಿನಿಂದ ಸಂಜೆಯವರೆಗೆ ಹುಡುಕಾಟ. ದ್ವೀಪವನ್ನು ಪಟ್ಟೆ ಪಟ್ಟೆಯಾಗಿ ಭಾಗ ಮಾಡಿ, ಗಾಳಿಗೆ ಎದುರಾಗಿ ಕೀನಾ ನಡೆಯುತ್ತಿದ್ದಳು, ಬಾಯಿಗೆ ಕುಕ್ಕೆ, ಕುತ್ತಿಗೆಗೆ ಗಂಟೆ. ಬಿಲದ ಬಾಯಲ್ಲಿ ಮೂಗಿಡುತ್ತಿದ್ದಳು. ಒಳಗೆ ಬೆಚ್ಚಗಿನ ಟೀಟೀ ಮರಿ ಕೂತಿದೆಯೆಂದು ನಮಗೂ ಗೊತ್ತು, ಅವಳಿಗೂ ಗೊತ್ತು. ಮೂಗು ತೆಗೆದು ಮುಂದಿನದಕ್ಕೆ ಹೋಗುತ್ತಿದ್ದಳು. ಒಂದು ದಿನ ಹೀಗೆಯೇ ಕಳೆಯಿತು, ಎರಡು ದಿನ, ಮೂರು ದಿನ. ಎಲ್ಲಿಯೂ ಇಲಿಯ ಸುಳಿವಿಲ್ಲ.

ಸಿಕ್ಕದಿದ್ದಷ್ಟೂ ಅಪ್ಪನಿಗೆ ತಳಮಳ ಹೆಚ್ಚಾಯಿತು. ಬೆಳಗಿನ ಚಹಾ ಕುಡಿಯುತ್ತಾ ಅಂದೇಬಿಟ್ಟ.

“ಮೆರೆ, ಅದಕ್ಕೆ ದಣಿವಾಗಿದೆ. ಮೂಗು ಕೆಲಸ ಮಾಡ್ತಾ ಇಲ್ಲ.”

“ನಿನ್ನ ಮೂಗು ಮೂವತ್ತು ವರ್ಷದಿಂದ ಕೆಲಸ ಮಾಡ್ತಿಲ್ಲ. ನಾನೇನಾದ್ರೂ ಅಂದ್ನಾ?”

“ತಮಾಷೆ ಬೇಡ. ಅಲ್ಲಿ ಎಲ್ಲ ಕಾಯ್ತಾ ಇದಾರೆ. ಇಲಿ ಇದೆ ಅಂತಾದ್ರೆ ಏನೋ ಒಂದು ಮಾಡಬಹುದು. ಇಲ್ಲ ಅಂದು, ಆಮೇಲೆ ಇದ್ರೆ?”

“ನಿಂಗೆ ಅದರ ಬಾಯಲ್ಲಿ ಇದೆ ಅನ್ನಿಸ್ಬೇಕು. ನಂಗೆ ಇಲ್ಲ ಅನ್ನಿಸ್ಬೇಕು. ಕೀನಾಗೆ ಇಬ್ಬರದೂ ಬೇಕಾಗಿಲ್ಲ ಕಣೋ. ಅದಕ್ಕೇ ಅವಳನ್ನ ಕರ್ಕೊಂಡು ಬಂದಿದ್ದು.”

ಆ ದಿನ ಮಧ್ಯಾಹ್ನ ದ್ವೀಪದ ಪಶ್ಚಿಮದ ತಗ್ಗಿನಲ್ಲಿ ಕೀನಾ ಇದ್ದಕ್ಕಿದ್ದಂತೆ ನಿಂತಳು. ಬಾಲ ಸೆಟೆದು ನಿಂತಿತು. ಒಣಗಿ ಬಿದ್ದ ಮರದ ಬುಡಕ್ಕೆ ಹೋಗಿ ಮೂಗೊತ್ತಿದಳು, ಕುಂಯ್ ಎಂದಳು, ಮುಂಗಾಲಿನಿಂದ ಕೆರೆದಳು, ಕೂತಳು.

ಆಂಟಿ “ಬಾ ಕೀನಾ” ಎಂದಳು. ಬರಲಿಲ್ಲ. ಇನ್ನೊಮ್ಮೆ ಕರೆದಳು. ಉಡದ ಪಟ್ಟು. ಕಂದು ಕಿವಿ ಕೂಡ ಅಲ್ಲಾಡಲಿಲ್ಲ. ಅಪ್ಪ ಹಸಿ ನೆಲದ ಮೇಲೆ ಕುಸಿದು ಕೂತು ತಲೆಗೆ ಕೈಹೊತ್ತ. ಆಂಟಿ ಮಂಡಿಯೂರಿ, ಮರದ ಬುಡದ ಎಲೆಗಳನ್ನು ಸರಿಸತೊಡಗಿದಳು.

“ನಂದು! ಅದು ನಂದು!” ಹಿಂದಿನಿಂದ ಲಾಕ್ಲನ್ ಪೊದೆ ಮುರಿದುಕೊಂಡು ಓಡಿಬಂದ. “ಆಂಟಿ, ಅದು ನಾನಿಟ್ಟಿದ್ದು!”

ಎಲೆಗಳ ಕೆಳಗೆ ಬೆರಳುದ್ದದ ಒಂದು ತಗಡಿನ ನಳಿಗೆ, ಅದರೊಳಗೆ ಇಲಿವಾಸನೆಯ ಬಟ್ಟೆ. ಬೆಳಗ್ಗೆ ನಾವು ಚಹಾ ಕುಡಿಯುವಾಗ ಅವನು ಕೀನಾಳ ಮೂಗು ಪರೀಕ್ಷಿಸಲೆಂದು ಸುತ್ತು ಬಳಸಿ ಬಂದು ಬಚ್ಚಿಟ್ಟು ಹೋಗಿದ್ದ. ಮೊದಲೇ ಹೇಳಿದ್ದರೆ ಆಂಟಿಯ ಮುಖ ಹೇಳಿಬಿಡುತ್ತಿತ್ತು ಎಂದು ಯಾರಿಗೂ ಹೇಳಿರಲಿಲ್ಲ.

ಆಂಟಿ ಎದ್ದು ನಿಂತು, ಒದ್ದೆ ಕೈಗವಸು ಕಳಚಿ ಅದರಿಂದಲೇ ಅವನ ಹೆಗಲಿಗೆ ಎರಡು ಬಿಟ್ಟಳು.

“ಕೊಂದೇಬಿಟ್ಯಲ್ಲೋ ನನ್ನ! ಮುದುಕಿ ಎದೆ ನಿಂತುಹೋಗಿದ್ರೆ ಯಾರಪ್ಪ ಉತ್ತರ ಕೊಡೋರು?”

“ತಪ್ಪಾಯ್ತು ಆಂಟಿ, ತಪ್ಪಾಯ್ತು,” ಎನ್ನುತ್ತಾ ಅವನು ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು. “ಆದ್ರೆ ನೋಡಿದ್ರಾ? ಇಷ್ಟು ದಿನ ಸುಮ್ನೆ ನಡೆದ ಮೇಲೂ, ಇಷ್ಟು ದೊಡ್ಡ ಕಾಡಲ್ಲಿ, ಇಷ್ಟೇ ಇಷ್ಟು ಬಟ್ಟೆ!”

ಅಪ್ಪ ನೆಲದ ಮೇಲೆ ಕೂತೇ ಇದ್ದ. ಅವನು ಕೀನಾಳನ್ನೇ ದಿಟ್ಟಿಸುತ್ತಿದ್ದ. ಹುಡುಕಿದ್ದಕ್ಕೆ ಬಹುಮಾನವಾಗಿ ಸಿಗುವ ಚೆಂಡನ್ನು ಆಂಟಿ ಎಸೆದಳು, ಅವಳು ಅದರ ಹಿಂದೆ ಓಡಿದಳು. ನಮ್ಮ ಗೋಳಾಟದ ಗೊಡವೆಯೇ ಅವಳಿಗಿರಲಿಲ್ಲ.

ಉಳಿದ ಭಾಗವನ್ನು ಅವರು ಕೊನೆಯ ಬಂಡೆಯವರೆಗೆ ನಡೆದರು. ಮತ್ತೆಲ್ಲಿಯೂ ಅವಳು ಕೂರಲಿಲ್ಲ. ಮೇಣದಬತ್ತಿ ಕಡಿದವರು ಯಾರೆಂದು ಇವತ್ತಿಗೂ ಖಚಿತವಿಲ್ಲ. ಮಾಡಿನ ಸಂದಿಯಿಂದ ಕಾಡುಗಿಣಿ ಬಂದಿರಬೇಕು ಎಂಬುದು ಅಪ್ಪನ ವಾದ. ಲಾಕ್ಲನ್ ಮಾತ್ರ “ಇರಬಹುದು” ಎನ್ನುತ್ತಾನೆ, ಅಷ್ಟೇ.

ಸಭಾಭವನದಲ್ಲಿ ಮತ್ತೆ ಎಲ್ಲರೂ ಸೇರಿದರು. ಆಂಟಿ ಭಾಷಣ ಮಾಡುವವಳಲ್ಲ. ಎದ್ದು ನಿಂತು, “ಇಲಿ ಇಲ್ಲ” ಎಂದು ಕೂತುಬಿಟ್ಟಳು. ಹಿಂದಿನ ಸಾಲಿನಿಂದ ಯಾರೋ ಕೇಳಿದರು, “ಒಂದು ಗೇಣು ನಾಯಿ ಮಾತಿಗೆ ಇಡೀ ದ್ವೀಪ ಒತ್ತೆ ಇಡೋದಾ?”

ಉತ್ತರ ಕೊಟ್ಟದ್ದು ಅಪ್ಪ. ಎದ್ದು ಟೊಪ್ಪಿಗೆ ತೆಗೆದು ಹೇಳಿದ.

“ಇಲಿ ಇದೆ ಅನ್ಲಿ ಅಂತ ನಾನು ಆ ನಾಯಿ ಬೆನ್ನು ಹತ್ತಿದೆ. ಇಲ್ಲ ಅನ್ಲಿ ಅಂತ ನನ್ನ ಅಕ್ಕ ಒಳಗೊಳಗೇ ಬೇಡ್ಕೊಂಡಳು. ಅದು ಇಬ್ಬರಿಗೂ ಸೊಪ್ಪು ಹಾಕ್ಲಿಲ್ಲ. ಈ ಸಭೆಯಲ್ಲಿ ಯಾರ ಮುಖಾನೂ ನೋಡದೆ ಮಾತಾಡೋರು ಒಬ್ಬರಿದ್ರೆ ಹೇಳಿ, ಅವರ ಮಾತು ಕೇಳ್ತೀನಿ. ಇಲ್ಲಾಂದ್ರೆ ನಂಗೆ ಆ ನಾಯಿ ಮಾತೇ ಸಾಕು. ಅದನ್ನ ಹಾಗೇ ಇರೋಕೆ ಬಿಟ್ಟ ನನ್ನ ಅಕ್ಕನ ಮಾತು ಸಾಕು.”

ತಾವುವಾ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಅಲ್ಲಿಗೆ ತೀರ್ಮಾನವಾಯಿತು. ಆ ಏಪ್ರಿಲ್‌ನಲ್ಲಿ ಕುಟುಂಬಗಳೆಲ್ಲ ದ್ವೀಪಕ್ಕೆ ಹೋದವು. ಇಲಿ ಬಂದರೆ ತಿಳಿಯಲೆಂದು ಇಟ್ಟ ಬೋನುಗಳು, ಕಡಿತದ ಗುರುತಿಗೆಂದು ಇಟ್ಟ ಮೇಣದ ತುಂಡುಗಳು ಆ ವರ್ಷವೂ ಮರುವರ್ಷವೂ ಇಟ್ಟಂತೆಯೇ ಇದ್ದವು.

ಆಮೇಲೆ ಆಂಟಿಗೆ ಬೇರೆ ಬೇರೆ ದ್ವೀಪಗಳಿಂದ ಕರೆ ಬರತೊಡಗಿತು. ಸಿಂಪಿ ಶೆಡ್ಡಿನ ಕೆಲಸ ಬಿಟ್ಟಳು. ಈಗ ಎಪ್ಪತ್ತೈದು ದಾಟಿದೆ, ಮಂಡಿ ನೋವು, ಬಂಡೆಗೆ ಹಾರುವುದಿಲ್ಲ. ಕೀನಾ ಮುದಿಯಾಗಿ ಅವಳ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಲ್ಲೇ ಹೋದಳು. ಆದರೆ ಹಿತ್ತಿಲು ಖಾಲಿಯಾಗಿಲ್ಲ. ಊರೂರಿಂದ ಜನ ತಮ್ಮ ಮೊಂಡು ನಾಯಿಗಳನ್ನು ಎಳೆದುಕೊಂಡು ಬರುತ್ತಾರೆ. ಆಂಟಿ ಬೆಂಚಿನ ಮೇಲೆ ಕೂತು ನೋಡುತ್ತಾಳೆ. ಇದು ಮಡಿಲಿಗೆ, ಇದು ಬಿಲಕ್ಕೆ, ಇದಕ್ಕೆ ಕಿವಿ ನೋವಿದೆ, ಮೊದಲು ಡಾಕ್ಟರಿಗೆ ತೋರಿಸು ಎನ್ನುತ್ತಾಳೆ. ಕೆಲವು ಸಲ ತಪ್ಪುತ್ತಾಳೆ, ತಪ್ಪಿದರೆ ನಗುತ್ತಾಳೆ. ದಾರಿಯಲ್ಲಿ ಅಪ್ಪ ಯಾರನ್ನಾದರೂ ಹೊಸಬರನ್ನು ಕಂಡರೆ ಎಳೆದುಕೊಂಡು ಬಂದು, “ಇವಳು ನನ್ನ ಅಕ್ಕ” ಎನ್ನುತ್ತಾನೆ. ಅಷ್ಟು ಹೇಳಿ ಎದೆ ಮುಂದೆ ಮಾಡಿ ನಿಲ್ಲುತ್ತಾನೆ.

ಮೊನ್ನೆ ಏಪ್ರಿಲ್‌ನಲ್ಲಿ ನಾನು ದ್ವೀಪದ ತಗ್ಗಿನಲ್ಲಿ ಮಕಾಡೆ ಮಲಗಿ ಬಿಲದೊಳಗೆ ಭುಜದವರೆಗೆ ಕೈ ಹಾಕಿದ್ದೆ. ತಣ್ಣನೆಯ ಮಣ್ಣು, ಬೇರು, ಮತ್ತೆ ಮಣ್ಣು. ಕೊನೆಗೆ ಬೆರಳ ತುದಿಗೆ ಮೆತ್ತಗಿನ ಪುಕ್ಕ ತಾಗಿತು, ಅದರ ಕೆಳಗೆ ಬಿಸಿ ಮೈ. ಮರಿ ನನ್ನ ಬೆರಳನ್ನು ಬಲವಾಗಿ ಕಚ್ಚಿತು. ಕಚ್ಚೋಕೆ ಮೊದಲು ಅದು ನಿಂಗೇನು ಹೇಳ್ತು ಎಂದು ಆಂಟಿ ಕೇಳಿದಂತಾಯಿತು.